ಸೊಸೆಯರು ತಂದ ನೆಲ

ಮ್ಯೂನಿಕ್ ನಗರ ಬೆಳೆದದ್ದು ಒಂದು ಸುಂಕದ ಜಗಳದಿಂದ. ಇಸಾರ್ ನದಿಯ ಫೋರಿಂಗ್ ಸೇತುವೆ ದಾಟುವ ಉಪ್ಪಿನ ಗಾಡಿಗಳಿಂದ ಫ್ರೈಸಿಂಗಿನ ಬಿಷಪ್ ಓಟೋ ಸುಂಕ ಎತ್ತುತ್ತಿದ್ದ. ಬವೇರಿಯದ ಡ್ಯೂಕ್ ಹೈನ್‌ರಿಶ್ ಅದನ್ನು ಕೆಡವಿಸಿ, ನದಿಯ ಮೇಲ್ಭಾಗದಲ್ಲಿ ತನ್ನದೇ ಸೇತುವೆ, ತನ್ನದೇ ಸಂತೆ ಮಾಡಿಕೊಂಡ. ದೂರು ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೊಸ್ಸನ ಬಳಿಗೆ ಹೋಯಿತು. ಬಿಷಪ್ ಅವನಿಗೆ ಚಿಕ್ಕಪ್ಪ; ಹೈನ್‌ರಿಶ್ ಸೋದರಮಾವನ ಮಗ. 1158ರ ಜೂನ್ 14ರಂದು ತೀರ್ಪಾಯಿತು: ಸಂತೆ ಡ್ಯೂಕನ ಜಾಗದಲ್ಲೇ ಇರಲಿ, ವರಮಾನದ ಮೂರರಲ್ಲೊಂದು ಪಾಲು ಬಿಷಪ್ಪನಿಗೆ ಸಲ್ಲಲಿ.

‘ಸಿಂಹ’ ಎಂಬ ಬಿರುದಿನಿಂದ ಚರಿತ್ರೆಯಲ್ಲಿ ಉಳಿದಿರುವ ಈ ಹೈನ್‌ರಿಶ್ ವೆಲ್ಫ್ ಮನೆತನದವನು. ಅವನ ಕೈಯಲ್ಲಿ ಎರಡು ಬಗೆಯ ನೆಲವಿತ್ತು. ಸ್ಯಾಕ್ಸನಿ, ಬವೇರಿಯಗಳ ಡ್ಯೂಕ್ ಪದವಿ ದೊರೆ ಕೊಟ್ಟ ಉಂಬಳಿ, ಕೊಟ್ಟವನು ಕಿತ್ತುಕೊಳ್ಳಲೂಬಹುದು. ಮನೆತನದ ಸ್ವಂತ ಆಸ್ತಿಯ ಮಾತೇ ಬೇರೆ. ಸ್ಯಾಕ್ಸನಿಯಲ್ಲಿ ಆ ಆಸ್ತಿ ಬಹುಮಟ್ಟಿಗೆ ಬಂದದ್ದು ಮನೆ ತುಂಬಿದ ಸೊಸೆಯರಿಂದ. ಅಜ್ಜಿ ವುಲ್ಫ್‌ಹಿಲ್ಡ್ ತವರಿನ ಬಳುವಳಿಯಾಗಿ ಲ್ಯೂನೆಬುರ್ಗ್ ಸೀಮೆಯನ್ನು ತಂದಳು. ತಾಯಿ ಗೆರ್ಟ್ರೂಡ್ ಚಕ್ರವರ್ತಿ ಮೂರನೆಯ ಲೋಥಾರನ ಒಬ್ಬಳೇ ಮಗಳು. ಅವಳ ಕಡೆಯಿಂದ ಬ್ರೌನ್‌ಶ್ವೈಗ್ ಬಂತು.

ಉಂಬಳಿ ಎಷ್ಟು ಬೇಗ ಕೈತಪ್ಪುತ್ತದೆಂಬುದನ್ನು ಹೈನ್‌ರಿಶ್ ಬಾಲ್ಯದಲ್ಲೇ ಕಂಡಿದ್ದ. 1138ರಲ್ಲಿ ಹೊಸ ದೊರೆ ಮೂರನೆಯ ಕೊನ್ರಾಡ್ ತಂದೆಯ ಎರಡೂ ಪದವಿಗಳನ್ನು ಕಸಿದುಕೊಂಡ. ಮರುವರ್ಷ ತಂದೆ ತೀರಿಕೊಂಡ. ಹುಡುಗನ ಹಕ್ಕಿಗಾಗಿ ಪಟ್ಟುಹಿಡಿದು ನಿಂತವಳು ತಾಯಿಯ ತಾಯಿ, ವಿಧವೆ ಸಾಮ್ರಾಜ್ಞಿ ರಿಶೆಂಜಾ. 1142ರಲ್ಲಿ ಸ್ಯಾಕ್ಸನಿ ಮರಳಿತು. ಬವೇರಿಯಕ್ಕೆ 1156ರವರೆಗೆ ಕಾಯಬೇಕಾಯಿತು.

ಆಮೇಲೆ ಅವನಿಗೆ ಏರುಗಾಲ. 1159ರಲ್ಲಿ ಬಾಲ್ಟಿಕ್ ವ್ಯಾಪಾರಕ್ಕಾಗಿ ಲ್ಯೂಬೆಕ್ ಪಟ್ಟಣವನ್ನು ಮರಳಿ ಕಟ್ಟಿಸಿದ. ಬ್ರೌನ್‌ಶ್ವೈಗ್ ಕೋಟೆಯ ಅಂಗಳದಲ್ಲಿ ಕಂಚಿನ ಸಿಂಹ ಎದ್ದು ನಿಂತಿತು. ಮದುವೆಗಳಲ್ಲೂ ಲೆಕ್ಕಾಚಾರವಿತ್ತು. ಮೊದಲ ಹೆಂಡತಿ ಕ್ಲೆಮೆನ್ಶಿಯಾ ತಂದಿದ್ದ ನೈಋತ್ಯದ ಬಾಡೆನ್‌ವೈಲರ್ ಕೋಟೆಯನ್ನು ಚಕ್ರವರ್ತಿಗೆ ಬಿಟ್ಟುಕೊಟ್ಟು, ತನ್ನ ನೆಲಕ್ಕೆ ಹತ್ತಿರದ ಹಾರ್ಟ್ಸ್ ಬೆಟ್ಟಸೀಮೆಯ ಆಸ್ತಿ ಪಡೆದ. 1162ರಲ್ಲಿ ನೆಂಟಸ್ತಿಕೆಯ ನೆಪದಲ್ಲಿ ಆ ಮದುವೆಯನ್ನೇ ರದ್ದು ಮಾಡಿಸಿಕೊಂಡ. ಆಸ್ತಿ ಮಾತ್ರ ಮರಳಿ ಹೋಗಲಿಲ್ಲ. 1168ರಲ್ಲಿ ಮಿಂಡೆನ್ ಚರ್ಚಿನಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿಯ ಮಗಳು ಮಟಿಲ್ಡಾಳ ಕೈ ಹಿಡಿದ. ವಧುವಿಗೆ ಹನ್ನೆರಡರ ಪ್ರಾಯ. ವರ ನಲವತ್ತರ ಹತ್ತಿರದವನು.

1176ರಲ್ಲಿ ಇಟಲಿಯ ದಂಡಯಾತ್ರೆಗೆ ಸೈನ್ಯ ಬೇಕೆಂದು ಬಾರ್ಬರೊಸ್ಸ ಕಿಯವೆನ್ನಾದಲ್ಲಿ ಕೇಳಿಕೊಂಡ. ಪ್ರತಿಯಾಗಿ ಹೈನ್‌ರಿಶ್ ಕೇಳಿದ್ದು ಬೆಳ್ಳಿ ಗಣಿಗಳ ಗೊಸ್ಲಾರ್ ಪಟ್ಟಣ. ಮಾತು ಮುರಿಯಿತು. ಅದೇ ವರ್ಷ ಲೆನ್ಯಾನೊ ಕಾಳಗದಲ್ಲಿ ಚಕ್ರವರ್ತಿ ಸೋತ. ಹೈನ್‌ರಿಶ್‌ನ ಮೇಲೆ ಹಗೆ ಸಾಧಿಸುತ್ತಿದ್ದ ಸ್ಯಾಕ್ಸನಿಯ ಪ್ರಭುಗಳು, ಬಿಷಪ್ಪರು ತಂದ ದೂರುಗಳಿಗೆ ಈಗ ಆಸ್ಥಾನದಲ್ಲಿ ಕಿವಿ ಸಿಕ್ಕಿತು. ವಿಚಾರಣೆಗೆ ಮತ್ತೆ ಮತ್ತೆ ಕರೆ ಬಂದರೂ ಹೈನ್‌ರಿಶ್ ಹೋಗಲಿಲ್ಲ.

1180ರಲ್ಲಿ ಉಂಬಳಿಗಳೆಲ್ಲ ಹೋದವು. ಸ್ಯಾಕ್ಸನಿ ಒಡೆದು ಹಂಚಿಹೋಯಿತು. ಬವೇರಿಯ ವಿಟೆಲ್ಸ್‌ಬಾಖ್ ಮನೆತನದ ಪಾಲಾಗಿ, 1918ರವರೆಗೂ ಅವರಲ್ಲೇ ಉಳಿಯಿತು. ಹೈನ್‌ರಿಶ್ ಕೆಲಕಾಲ ಕಾದಾಡಿ, 1181ರಲ್ಲಿ ಎರ್ಫರ್ಟ್‌ನಲ್ಲಿ ಶರಣಾದ. ಅವನಿಗೆ ಉಳಿದದ್ದು ಬ್ರೌನ್‌ಶ್ವೈಗ್ ಮತ್ತು ಲ್ಯೂನೆಬುರ್ಗ್ ಸುತ್ತಲ ಮನೆತನದ ಆಸ್ತಿ ಮಾತ್ರ, ಅಂದರೆ ತಾಯಿಯೂ ಅಜ್ಜಿಯೂ ತಂದದ್ದು. ಮರುವರ್ಷ ಗಡಿಪಾರಾಗಿ, ಹೆಂಡತಿ ಮಕ್ಕಳೊಂದಿಗೆ ಮಾವನ ಆಶ್ರಯ ಸೇರಿದ. ಕಿರಿಯ ಮಗ ವಿಲಿಯಂ ಹುಟ್ಟಿದ್ದು ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ.

ಮುಂದೆ ಚಕ್ರವರ್ತಿಯ ಮನೆತನದೊಂದಿಗೆ ರಾಜಿಗೆ ದಾರಿ ಮಾಡಿದ್ದೂ ಮದುವೆಯೇ. ಹಿರಿಯ ಮಗ, ಬಾರ್ಬರೊಸ್ಸನ ತಮ್ಮನ ಮಗಳು ಆಗ್ನೆಸ್‌ಳನ್ನು ಗುಟ್ಟಾಗಿ ವರಿಸಿ ರೈನ್ ಪ್ರಾಂತದ ಅಧಿಕಾರಕ್ಕೆ ಬಾಧ್ಯನಾದ. 1195ರ ಆಗಸ್ಟ್ 6ರಂದು ಹೈನ್‌ರಿಶ್ ಬ್ರೌನ್‌ಶ್ವೈಗಿನಲ್ಲಿ ತೀರಿಕೊಂಡ. ತಾನೇ ಕಟ್ಟಿಸಲು ತೊಡಗಿದ್ದ ಚರ್ಚಿನಲ್ಲಿ ಮಟಿಲ್ಡಾಳ ಜತೆಗೇ ಅವನ ಸಮಾಧಿಯಿದೆ. ಮಗ ಓಟೋ 1209ರಲ್ಲಿ ಚಕ್ರವರ್ತಿಯಾದ. ವೆಲ್ಫ್ ಮನೆತನದಲ್ಲಿ ಆ ಕಿರೀಟ ತೊಟ್ಟವನು ಅವನೊಬ್ಬನೇ. ವಂಶ ಮುಂದುವರಿದದ್ದು ವಿಲಿಯಂನಿಂದ. ಅವನ ಮಗ 1235ರಲ್ಲಿ ಬ್ರೌನ್‌ಶ್ವೈಗ್-ಲ್ಯೂನೆಬುರ್ಗಿನ ಮೊದಲ ಡ್ಯೂಕ್ ಆದ.

ಆ ಕವಲಿನವನೇ 1714ರಲ್ಲಿ ಬ್ರಿಟನ್ನಿನ ಗದ್ದುಗೆಯೇರಿದ ಒಂದನೆಯ ಜಾರ್ಜ್. ಅವನ ಹಕ್ಕೂ ತಾಯಿಯ ಕಡೆಯದೇ: ತಾಯಿ ಸೋಫಿಯಾ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನ ಮಗಳ ಮಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲಂಡನ್ನಿನಲ್ಲಿ ಆಳುತ್ತಿದ್ದ ಮೂರನೆಯ ಜಾರ್ಜ್ ಈ ಜಾರ್ಜನ ಮರಿಮಗ.