ಅಂಕ ಕಡಿಮೆ ಬಂದರೆ ಮಗುವಿಗೆ ವಿಜ್ಞಾನ ಇಷ್ಟವಿಲ್ಲ ಎಂದರ್ಥವೇ?

“ಅಂಕ ನೋಡಿದರೆ ಸಾಕು, ಮಗುವಿಗೆ ವಿಜ್ಞಾನದಲ್ಲಿ ಆಸಕ್ತಿ ಇದೆಯೋ ಇಲ್ಲವೋ ತಿಳಿಯುತ್ತದೆ” ಎಂದು ಅನೇಕ ಪೋಷಕರು ನಂಬುತ್ತಾರೆ. ಇದು ನಿಜವೇ?

ಚುಟುಕು ಉತ್ತರ: ಅಲ್ಲ. ಮಗುವಿಗೆ ಏನು ಗೊತ್ತು ಎಂಬುದನ್ನಷ್ಟೇ ಅಂಕ ಹೇಳುತ್ತದೆ. ಅಂತರರಾಷ್ಟ್ರೀಯ ಟಿಮ್ಸ್ ಸಮೀಕ್ಷೆಗಳಲ್ಲಿ ಜಪಾನ್, ದಕ್ಷಿಣ ಕೊರಿಯಾದ 8ನೇ ತರಗತಿ ಮಕ್ಕಳು ಅಂಕದಲ್ಲಿ ಮುಂದಿದ್ದಾರೆ. ಆದರೆ ವಿಜ್ಞಾನ ಕಲಿಯುವುದು ತುಂಬಾ ಇಷ್ಟ ಎನ್ನುವವರು ಅಲ್ಲಿ ಕಡಿಮೆ.

ಇಷ್ಟವನ್ನು ಅಳೆಯುವುದು ಹೇಗೆ?

ಅಮೆರಿಕದ ಮನೋವಿಜ್ಞಾನಿ ರೆನ್ಸಿಸ್ ಲಿಕರ್ಟ್ 1932ರಲ್ಲಿ ಒಂದು ವಿಧಾನ ಕೊಟ್ಟರು. ಕೆಲವು ಹೇಳಿಕೆಗಳನ್ನು ಕೊಟ್ಟು, ಎಷ್ಟು ಒಪ್ಪುತ್ತೀರಿ ಎಂದು ಕೇಳಿ, ಉತ್ತರಗಳಿಗೆ ಅಂಕ ಕೊಟ್ಟು ಕೂಡಿಸುವುದು.

ಹಿರಿಯೂರಿನ 5ನೇ ತರಗತಿ ಮಕ್ಕಳನ್ನೇ ತೆಗೆದುಕೊಳ್ಳೋಣ. ಅವರ ಪುಸ್ತಕದ ಹೆಸರು ‘ಪರಿಸರ ಅಧ್ಯಯನ’. ಹಾಗಾಗಿ “ವಿಜ್ಞಾನ ಇಷ್ಟವೇ?” ಎಂದು ಕೇಳಿದರೆ ಗೊಂದಲವಾಗಬಹುದು. ಹೀಗೆ ಕೇಳಬಹುದು:

1. ಪರಿಸರ ಅಧ್ಯಯನದ ಪಿರಿಯಡ್‌ಗೆ ನಾನು ಕಾಯುತ್ತಿರುತ್ತೇನೆ.
2. ಈ ಪಾಠ ನನಗೆ ಬೇಜಾರು.
3. ವಾಣಿವಿಲಾಸ ಸಾಗರ 2022ರಲ್ಲಿ, 89 ವರ್ಷಗಳ ನಂತರ, ಕೋಡಿ ಬಿದ್ದದ್ದು ಏಕೆಂದು ತಿಳಿಯಲು ನನಗೆ ಆಸೆ.

ಹೌದು ಎಂದರೆ 3, ಸ್ವಲ್ಪ ಎಂದರೆ 2, ಇಲ್ಲ ಎಂದರೆ 1. ಎರಡನೆಯ ಹೇಳಿಕೆಗೆ ಮಾತ್ರ ಉಲ್ಟಾ: ಹೌದು ಎಂದರೆ 1. ಓದದೆ ಮೊದಲೆರಡಕ್ಕೂ ‘ಹೌದು’ ಎಂದು ಗುರುತು ಹಾಕಿದ ಮಗುವಿಗೆ 6ರ ಬದಲು 4 ಸಿಗುತ್ತದೆ. ನಿಜವಾದ ಪಟ್ಟಿಯಲ್ಲಿ ಇನ್ನೂ ಹೆಚ್ಚು ಹೇಳಿಕೆಗಳಿರಬೇಕು.

ಮೂರನೆಯದನ್ನು ಏಕೆ ಕೂಡಿಸಲಿಲ್ಲ?

ಅದು ಪಾಠದ ಬಗ್ಗೆ ಅಲ್ಲ, ಕುತೂಹಲದ ಬಗ್ಗೆ. ಆಸ್ಟ್ರೇಲಿಯಾದ ಬ್ಯಾರಿ ಫ್ರೇಸರ್ ಪ್ರೌಢಶಾಲೆ ಮಕ್ಕಳಿಗಾಗಿ ರೂಪಿಸಿದ, 70 ಹೇಳಿಕೆಗಳ ‘ಟೋಸ್ರಾ’ ಪರೀಕ್ಷೆಯಲ್ಲೂ ತರಗತಿಯ ಖುಷಿ, ಬಿಡುವಿನ ವೇಳೆಯ ಆಸಕ್ತಿ, ವಿಜ್ಞಾನದ ಉದ್ಯೋಗದ ಆಸೆ ಇವಕ್ಕೆ ಬೇರೆ ಬೇರೆ ಲೆಕ್ಕ. ಒಂದು ಮಗುವಿಗೆ ಪಾಠ ಬೇಜಾರು, ಆದರೆ ಕೋಡಿಯ ಬಗ್ಗೆ ಕುತೂಹಲ ಎಂದಾದರೆ, ಬದಲಾಗಬೇಕಿರುವುದು ಪಾಠ ಹೇಳುವ ರೀತಿ. “ಇವಳಿಗೆ ಸೈನ್ಸ್ ಆಗಲ್ಲ” ಎಂದು ಈಗಲೇ ತೀರ್ಮಾನಿಸಿದರೆ ಎಸ್‌ಎಸ್‌ಎಲ್‌ಸಿ ನಂತರದ ಒಂದು ದಾರಿಯನ್ನು ನಾವೇ ಮುಚ್ಚಿದಂತೆ.

ಗಮನಿಸಿ

- “ಇಷ್ಟ ಇರೋರು ಕೈ ಎತ್ತಿ” ಎಂದರೆ ಮಕ್ಕಳು ಮೇಷ್ಟ್ರ ಮುಖ ನೋಡಿ ಕೈ ಎತ್ತಬಹುದು. ಹೆಸರು ಬರೆಸಬೇಡಿ.
- ಓದಲು ತಡವರಿಸುವ ಮಕ್ಕಳಿಗೆ ಹೇಳಿಕೆಗಳನ್ನು ಓದಿ ಹೇಳಿ.
- ಇದು ಪರೀಕ್ಷೆಯಲ್ಲ, ತಪ್ಪು ಉತ್ತರವಿಲ್ಲ ಎಂದು ಮೊದಲೇ ತಿಳಿಸಿ.

ತೀರ್ಮಾನ: ಅಂಕಪಟ್ಟಿಯಿಂದ ಆಸಕ್ತಿ ಅಳೆಯಬಹುದು ಎಂಬುದು ತಪ್ಪು ಕಲ್ಪನೆ.