ಓಲೆ ಒಯ್ಯುವವರ ಕಣ್ಣು

ಸಹ್ಯಾದ್ರಿಯ ದಟ್ಟವಾದ ಅರಣ್ಯವು ತೆಳುವಾಗುತ್ತ ಧಾರವಾಡದ ಬಯಲನ್ನು ಕೂಡುವ ಎಡೆಯಲ್ಲಿ ಹಳಿಯಾಳ ತಾಲೂಕೂ, ಅದರೊಳಗಿನ ತೇರಗಾಂವ ಮೊದಲಾದ ಗ್ರಾಮಗಳೂ ಇವೆ. ಕನ್ನಡ, ಮರಾಠಿ, ಕೊಂಕಣಿ, ಉರ್ದುಗಳು ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ಈ ಸೀಮೆಯು ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಆಳ್ವಿಕೆಯನ್ನು ಕಂಡು, 1799ರ ಬಳಿಕ ಇಂಗ್ಲಿಷರ ಕಂಪನಿಯ ಕೈಸೇರಿ, 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಗಿ, 1956ರಲ್ಲಿ ಮೈಸೂರು ರಾಜ್ಯದೊಳಕ್ಕೆ ಬಂದಿತು. ಆಳುವವರು ಇಷ್ಟು ಸಲ ಬದಲಾದ ನೆಲದಲ್ಲಿ, ಬರೆದ ಮಾತನ್ನು ಒಯ್ಯುವವರು ಯಾರು, ಒಯ್ಯುವಾಗ ಅದನ್ನು ನೋಡುವವರು ಯಾರು, ನೋಡಿದ್ದನ್ನು ಯಾರಿಗೆ ಒಪ್ಪಿಸುತ್ತಾರೆ ಎಂಬುದು ಜನರ ಬಾಳಿಗೆ ನೇರವಾಗಿ ತಾಗುವ ಸಂಗತಿಯಾಗಿತ್ತು. ಇಂದು ತೇರಗಾಂವದ ಕಾಲೇಜು ವಿದ್ಯಾರ್ಥಿಯೊಬ್ಬನು ತನ್ನ ಮೊಬೈಲಿನಲ್ಲಿ ಯಾವ ಬ್ರೌಸರನ್ನು ಇಟ್ಟುಕೊಳ್ಳಬೇಕೆಂದು ಕೇಳಿದರೆ, ಅವನು ಕೇಳುತ್ತಿರುವುದು ಹೊಸ ಯಂತ್ರವೊಂದರ ಪ್ರಶ್ನೆಯನ್ನಲ್ಲ. ಮುನ್ನೂರು ವರ್ಷಗಳಿಂದ ಕನ್ನಡನಾಡು ಎದುರಿಸುತ್ತ ಬಂದ ಪ್ರಶ್ನೆಯನ್ನೇ ಅವನು ಮತ್ತೊಮ್ಮೆ ಕೇಳುತ್ತಿದ್ದಾನೆ ಎಂದು ನಾನು ತಿಳಿದಿದ್ದೇನೆ.

ಮೈಸೂರಿನ ಅಂಚೆಯ ಮೂಲವನ್ನು ಚಿಕ್ಕದೇವರಾಜ ಒಡೆಯರ (1673–1704) ಕಾಲಕ್ಕೆ ಒಯ್ಯುವುದು ವಾಡಿಕೆ. ಅರಮನೆಯ ಆಜ್ಞೆಗಳನ್ನು ಊರಿಂದೂರಿಗೆ ಮುಟ್ಟಿಸಿದ ಆ ವ್ಯವಸ್ಥೆಯನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ, ನೆನೆಯಬೇಕಾದುದೂ ಹೌದು. ಆದರೆ ಮೈಸೂರಿನ ಚರಿತ್ರೆಯನ್ನು 1810ರಿಂದ ಸಂಪುಟಗಳಾಗಿ ಪ್ರಕಟಿಸಿದ ಮಾರ್ಕ್ ವಿಲ್ಕ್ಸನು ಅದರ ಇನ್ನೊಂದು ಮುಖವನ್ನೂ ದಾಖಲಿಸಿದ್ದಾನೆ. ಅಂಚೆಯ ಅಧಿಕಾರಿಗಳು ಅರಮನೆಯ ವಿಶ್ವಾಸದ ಮನುಷ್ಯರಾಗಿದ್ದರು. ಅವರ ಕೈಕೆಳಗಿನವರು ತಮ್ಮ ತಮ್ಮ ಸೀಮೆಯ ಗುಟ್ಟುಗಳನ್ನು ಸಂಗ್ರಹಿಸಿ ಕಾಲಕಾಲಕ್ಕೆ ವರದಿ ಒಪ್ಪಿಸತಕ್ಕವರಾಗಿದ್ದರು. ಈ ಪದ್ಧತಿಯನ್ನು ಹೈದರನು ಇನ್ನಷ್ಟು ಬಲಪಡಿಸಿ ಭಯಂಕರವಾದ ನಿಖರತೆಗೆ ತಂದನು ಎಂಬುದು ವಿಲ್ಕ್ಸನ ಅಭಿಪ್ರಾಯ. ಅವನು ಗೆದ್ದ ಇಂಗ್ಲಿಷರ ಪಕ್ಷದವನಾದುದರಿಂದ ಹೈದರನ ವಿಷಯದಲ್ಲಿ ಅವನ ಮಾತನ್ನು ತೂಗಿಯೇ ಸ್ವೀಕರಿಸಬೇಕು. ಆದರೂ ಒಂದು ತತ್ತ್ವವು ಇಲ್ಲಿ ನಿಸ್ಸಂದೇಹವಾಗಿ ಕಾಣುತ್ತದೆ: ಓಲೆಯನ್ನು ಒಯ್ಯುವವನು ಯಾರ ಸಂಬಳವನ್ನು ಉಣ್ಣುವನೋ ಅವರಿಗೇ ಅವನ ಕಣ್ಣೂ ಕಿವಿಯೂ ಸಲ್ಲುತ್ತವೆ. ಈ ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಗುವ ವೇಳೆಗೆ ಪ್ರಜೆಗಳ ಸೇವಾಸಂಸ್ಥೆಯಾಗಿ ಮಾರ್ಪಟ್ಟಿತ್ತು. ಹುಟ್ಟಿನ ಸ್ವಭಾವವನ್ನು ನಿಯಮದಿಂದಲೂ ಸಾರ್ವಜನಿಕ ನಿಷ್ಠೆಯಿಂದಲೂ ತಿದ್ದಬಹುದು ಎಂಬುದಕ್ಕೆ ಅದೇ ನಿದರ್ಶನವಾಗಿದೆ.

ಹಳಿಯಾಳದ ಹೆಸರು ಇಂಗ್ಲಿಷರ ಕಾಗದಪತ್ರಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವುದೂ ಗುಟ್ಟಿನ ಪತ್ರವ್ಯವಹಾರದಲ್ಲಿಯೇ. ಶ್ರೀರಂಗಪಟ್ಟಣದ ಪತನದ ಬಳಿಕ ಮೈಸೂರಿನ ಸೈನ್ಯವನ್ನು ನಡಸುತ್ತಿದ್ದ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ನಿನ ಡ್ಯೂಕನೆಂದು ಪ್ರಸಿದ್ಧನಾದವನು, ಮರಾಠರ ಗಡಿಯನ್ನು ಕಾಯುವ ಠಾಣ್ಯವೆಂದು ಹಳಿಯಾಳವನ್ನು ತನ್ನ ಪತ್ರಗಳಲ್ಲಿ ಅನೇಕ ಸಲ ಉಲ್ಲೇಖಿಸಿದ್ದಾನೆ. ಶತ್ರುವಿನ ಕೈಗೆ ಸಿಕ್ಕರೆ ಸೈನ್ಯಕ್ಕೇ ಆಪತ್ತಾಗಬಹುದಾಗಿದ್ದ ಆ ಬರಹಗಳು 1830ರ ದಶಕದಲ್ಲಿ ಸಂಪುಟಗಳಾಗಿ ಅಚ್ಚಾಗಿ ಯಾರೂ ಕೊಂಡು ಓದಬಹುದಾದ ವಸ್ತುವಾದುವು. ಒಂದು ಕಾಲಕ್ಕೆ ಗುಟ್ಟಾದದ್ದು ಇನ್ನೊಂದು ಕಾಲಕ್ಕೆ ಗುಟ್ಟಲ್ಲ, ನಿಜ. ಆದರೆ ಯಾವಾಗ ಬಿಚ್ಚಬೇಕೆಂಬ ನಿರ್ಣಯವು ಬರೆದವನಿಗೆ ಸೇರಿದುದೋ, ನಡುವೆ ಒಯ್ದವನಿಗೆ ಸೇರಿದುದೋ ಎಂಬಲ್ಲಿಯೇ ನ್ಯಾಯಾನ್ಯಾಯಗಳು ನಿಂತಿವೆ.

1854ರ ಅಕ್ಟೋಬರದಲ್ಲಿ ಭಾರತಕ್ಕೆಲ್ಲ ಸಲ್ಲುವ ಅಂಚೆಚೀಟಿ ಬಂದು, ದೂರವೆಷ್ಟೇ ಇರಲಿ ಹಗುರವಾದ ಪತ್ರವೊಂದಕ್ಕೆ ಅರ್ಧಾಣೆಯೆಂದು ಗೊತ್ತಾದ ಮೇಲೆ ಓಲೆಯು ಬಡವನ ಕೈಗೂ ಎಟುಕಿತು. 1879ರ ಜುಲೈ ಒಂದರಂದು ಕಾಲಾಣೆಯ ಅಂಚೆಕಾರ್ಡು ಬಂದಿತು. ಜನಜೀವನದ ಇತಿಹಾಸದಲ್ಲಿ ಈ ಕಾರ್ಡಿಗೆ ಸಲ್ಲಬೇಕಾದ ಸ್ಥಾನವನ್ನು ನಾವು ಇನ್ನೂ ಕೊಟ್ಟಿಲ್ಲವೆಂದೇ ನನ್ನ ಭಾವನೆ. ಏಕೆಂದರೆ, ಬರೆದದ್ದನ್ನು ದಾರಿಯುದ್ದಕ್ಕೂ ಯಾರು ಬೇಕಾದರೂ ಓದಬಹುದಾದ ಈ ಅಗ್ಗದ ಹಾಳೆಯೂ, ನಾಲ್ಕು ಕಾಸು ಹೆಚ್ಚು ಕೊಟ್ಟು ಅಂಟಿಸಿ ಕಳುಹುವ ಪಾಕೀಟೂ ಅಕ್ಕಪಕ್ಕದಲ್ಲಿ ದೊರೆತಾಗ, ಯಾವ ಮಾತಿಗೆ ಯಾವ ಹೊದಿಕೆಯೆಂಬ ವಿವೇಚನೆಯು ಅಕ್ಷರ ಬಾರದವರಲ್ಲಿಯೂ ಬೇರೂರಿತು. ಕ್ಷೇಮಸಮಾಚಾರ, ಮಳೆಬೆಳೆ, ಜಾತ್ರೆಗೆ ಬನ್ನಿರೆಂಬ ಕರೆ, ಇವು ಕಾರ್ಡಿಗೆ. ಹೆಣ್ಣು ನೋಡುವ ಮಾತುಕತೆ, ಸಾಲದ ಲೆಕ್ಕ, ಭಾಗದ ತಕರಾರು, ಗಂಡನ ಮನೆಯಲ್ಲಿ ಮಗಳು ಪಡುವ ಕಷ್ಟ, ಇವು ಪಾಕೀಟಿಗೆ. ಮದುವೆಯ ಪತ್ರದ ಮೂಲೆಗೆ ಅರಿಶಿನ ಹಚ್ಚಿ, ಒಳಗಿನ ಶುಭವು ಹೊರಗಿನಿಂದಲೇ ತಿಳಿಯಲೆಂದು ಬಯಸಿದವರೂ ಅವರೇ. ಜ್ವರವೆಂದು ಮಾತ್ರ ಕಾರ್ಡಿನಲ್ಲಿ ಬರೆದು, ಯಾವ ಜ್ವರವೆಂಬುದನ್ನು ಬಾಯಿಮಾತಿಗೆ ಬಿಟ್ಟವರೂ ಅವರೇ.

ಓದಲು ಬಾರದ ಮನೆಯ ಜಗುಲಿಯಲ್ಲಿ ಟಪಾಲಿನವನೇ ಕುಳಿತು ಪತ್ರವನ್ನು ಓದಿ ಹೇಳಬೇಕಾಗಿತ್ತು. ಉತ್ತರವನ್ನು ಶಾಲೆಯ ಮಾಸ್ತರರೋ ಶಾನುಭೋಗರೋ ಬರೆದುಕೊಡಬೇಕಾಗಿತ್ತು. ಆದುದರಿಂದ ಅಂಟಿಸಿದ ಪಾಕೀಟೂ ಇಂಥವರ ಪಾಲಿಗೆ ಪೂರ್ಣವಾಗಿ ಮುಚ್ಚಿದುದಾಗಿರಲಿಲ್ಲ. ಆದರೆ ಓದಿದವನು ಯಾರೆಂದು ಅವರಿಗೆ ಗೊತ್ತಿತ್ತು. ಅವನ ಮುಖವು ಎದುರಿಗಿತ್ತು. ಗುಟ್ಟು ಹೊರಬಿದ್ದರೆ ಯಾರನ್ನು ಕೇಳಬೇಕೆಂಬುದೂ ತಿಳಿದಿತ್ತು. ಈ ತಿಳಿವಳಿಕೆಯೇ ಅವರ ರಕ್ಷೆಯಾಗಿತ್ತು. 1950ರ ಅಕ್ಟೋಬರ ಎರಡರಂದು ಇನ್‌ಲ್ಯಾಂಡ್ ಪತ್ರವು ಬಂದಾಗ, ಕಾರ್ಡಿನಷ್ಟು ಬಯಲೂ ಅಲ್ಲದ, ಪಾಕೀಟಿನಷ್ಟು ದುಬಾರಿಯೂ ಅಲ್ಲದ ನಡುವಣ ದಾರಿಯೊಂದು ತೆರೆಯಿತು. ಅದೇ ದಶಕದಲ್ಲಿ ನೆರೆಯ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯೆದ್ದು, ಈ ಸೀಮೆಯ ಬಿದಿರೇ ಬರೆಯುವ ಹಾಳೆಯಾಗಿ ನಾಡನ್ನೆಲ್ಲ ಸುತ್ತತೊಡಗಿತು.

ಸರಕಾರದ ಕಣ್ಣು ಮಾತ್ರ ಎಂದೂ ಮುಚ್ಚಿರಲಿಲ್ಲ. 1885ರ ತಂತಿ ಕಾಯಿದೆಯೂ 1898ರ ಅಂಚೆ ಕಾಯಿದೆಯೂ ಸಾರ್ವಜನಿಕ ತುರ್ತಿನ ಹೆಸರಿನಲ್ಲಿ ಸಂದೇಶಗಳನ್ನು ತಡೆಯುವ ಅಧಿಕಾರವನ್ನು ಇಟ್ಟುಕೊಂಡಿದ್ದುವು. ಸ್ವಾತಂತ್ರ್ಯಾನಂತರವೂ ಈ ಬಯಕೆ ಅಡಗಲಿಲ್ಲ: ಪತ್ರಗಳನ್ನು ತಡೆಯುವ ಅಧಿಕಾರವನ್ನು ಇನ್ನೂ ವಿಸ್ತರಿಸಹೊರಟ 1986ರ ಮಸೂದೆಗೆ ರಾಷ್ಟ್ರಪತಿ ಜೈಲ್ ಸಿಂಗರು ಅಂಕಿತವನ್ನು ಹಾಕದೆ ಉಳಿದರು, 1988ರಲ್ಲಿ ಟೆಲಿಫೋನು ಕದ್ದಾಲಿಸಿದ ಆಪಾದನೆಯ ಬಿರುಗಾಳಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು, ಇದೇ ಉತ್ತರಕನ್ನಡ ಜಿಲ್ಲೆಯ ಸಿದ್ದಾಪುರದ ಕಡೆಯವರು, ರಾಜೀನಾಮೆಯಿತ್ತರು. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯದ ಮೆಟ್ಟಲೇರಿದುದರ ಫಲವಾಗಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತವಾದ ಹಕ್ಕೆಂದು ಒಮ್ಮತದಿಂದ ಸಾರಿತು. ಈ ಹಕ್ಕಿನ ತೀರ್ಪಿಗೆ ಕನ್ನಡಿಗರೊಬ್ಬರ ಹೆಸರು ಶಾಶ್ವತವಾಗಿ ಅಂಟಿರುವುದು ನಮಗೆ ಹೆಮ್ಮೆಯ ವಿಷಯ.

ಇಷ್ಟರಲ್ಲಿ ಸಂದೇಶದ ವಾಹನವೇ ಬದಲಾಗಿತ್ತು. ಎಸ್‌ಟಿಡಿ ಬೂತಿನ ಗಾಜಿನ ಬಾಗಿಲ ಹಿಂದೆ ನಿಂತು ತಗ್ಗಿದ ದನಿಯಲ್ಲಿ ಮಾತಾಡಿದ ಕಾಲವು ಬೇಗ ಕಳೆಯಿತು. ಸೈಬರ್ ಕೆಫೆಗಳ ಕಾಲ ಬಂದಾಗ, 2011ರ ಕೇಂದ್ರ ನಿಯಮಗಳು ಬಂದವರ ಗುರುತಿನ ಚೀಟಿಯನ್ನು ನೋಡಿ ಹೆಸರನ್ನು ದಫ್ತರದಲ್ಲಿ ಬರೆದಿಡಬೇಕೆಂದು ವಿಧಿಸಿದುವು. ಆ ದಫ್ತರವು ಮೇಜಿನ ಮೇಲೆಯೇ ಇರುತ್ತಿತ್ತು. ನಮ್ಮ ಹೆಸರನ್ನು ನಾವೇ ಅದರಲ್ಲಿ ಬರೆಯುತ್ತಿದ್ದೆವು. ನಮ್ಮನ್ನು ಕುರಿತ ದಾಖಲೆಯು ನಮ್ಮ ಕಣ್ಣಮುಂದೆಯೇ ಹುಟ್ಟಿದ ಕೊನೆಯ ಕಾಲ ಬಹುಶಃ ಅದೇ.

ಮೊಬೈಲಿಗೆ ಇಂಟರ್ನೆಟ್ಟು ಬಂದ ಮೊದಲ ವರ್ಷಗಳಲ್ಲಿ ನಮ್ಮ ಗ್ರಾಮಗಳಲ್ಲಿ ಹಬ್ಬಿದ ಬ್ರೌಸರುಗಳು ಎರಡು. ನಾರ್ವೆಯ ಓಪೆರಾ ಮಿನಿಯು ಪುಟವನ್ನು ಮೊದಲು ತನ್ನ ಸರ್ವರಿಗೆ ತರಿಸಿಕೊಂಡು, ಅಲ್ಲಿ ಕುಗ್ಗಿಸಿ ಫೋನಿಗೆ ಕಳುಹುತ್ತಿತ್ತು. ಸಿಗ್ನಲ್ಲು ಕ್ಷೀಣವಾದ, ಡೇಟಾ ದುಬಾರಿಯಾದ ಕಾಡಂಚಿನ ಊರುಗಳಿಗೆ ಅದು ದೊಡ್ಡ ಉಪಕಾರವಾಗಿತ್ತು. ಆದರೆ ಕುಗ್ಗಿಸುವುದಕ್ಕಾಗಿ ಆ ಸರ್ವರು ಪುಟವನ್ನು ಬಿಚ್ಚಿ ನೋಡಲೇಬೇಕಾಗಿತ್ತು. ಜಗುಲಿಯ ಮೇಲೆ ಓದಿ ಹೇಳುವವನು ಮತ್ತೆ ಬಂದನು, ಈ ಸಲ ಮುಖವಿಲ್ಲದೆ. ಎರಡನೆಯದಾದ ಚೀನಾ ಮೂಲದ ಯುಸಿ ಬ್ರೌಸರು ಒಂದು ಕಾಲಕ್ಕೆ ಭಾರತದಲ್ಲಿ ಅತ್ಯಂತ ಜನಪ್ರಿಯವಾಗಿತ್ತು. ಹುಡುಕಿದ ಪದಗಳನ್ನೂ ಫೋನಿನ ಗುರುತನ್ನೂ ಇರುವ ಸ್ಥಳವನ್ನೂ ಅದು ಸಾಕಷ್ಟು ಗೂಢಲಿಪಿಯ ರಕ್ಷಣೆಯಿಲ್ಲದೆ ಸಾಗಿಸುತ್ತಿದೆಯೆಂದು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2015ರಲ್ಲಿ ಪ್ರಕಟಿಸಿತು. 2020ರ ಜೂನ್ 29ರಂದು ಭಾರತ ಸರಕಾರವು ನಿಷೇಧಿಸಿದ 59 ಆ್ಯಪುಗಳಲ್ಲಿ ಅದೂ ಒಂದು. ಅಷ್ಟರೊಳಗೆ, 2016ರ ಸೆಪ್ಟೆಂಬರದಲ್ಲಿ ಜಿಯೋ ಬಂದು ಡೇಟಾ ಅಗ್ಗವಾಗಿ, ಆಂಡ್ರಾಯ್ಡ್ ಫೋನಿನೊಡನೆಯೇ ಬರುವ ಕ್ರೋಮು ಎಲ್ಲರ ಕೈಯಲ್ಲಿಯೂ ನೆಲೆಸಿತ್ತು. ಅದನ್ನು ಯಾರೂ ಆರಿಸಿಕೊಳ್ಳಲಿಲ್ಲ, ಅದು ಅಲ್ಲಿತ್ತು.

ಕ್ರೋಮು ವೇಗವಾದುದು, ಭದ್ರವಾದುದು. ಹೊರಗಿನ ಕಳ್ಳರಿಂದ ಅದು ಚೆನ್ನಾಗಿ ಕಾಯುತ್ತದೆ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಅದನ್ನು ನಡಸುವ ಗೂಗಲಿನ ಆದಾಯದ ಬಹುಭಾಗವು ಜಾಹೀರಾತಿನದು. ಜಾಹೀರಾತಿಗೆ ಬೇಕಾದುದು ನಮ್ಮ ಅಭಿರುಚಿಗಳ ಲೆಕ್ಕ. 1994ರಲ್ಲಿ ನೆಟ್‌ಸ್ಕೇಪಿನ ಲೂ ಮಾಂಟುಲ್ಲಿಯು ಕುಕಿಯೆಂಬ ಗುರುತಿನ ತುಣುಕನ್ನು ರೂಪಿಸಿದುದು ಒಂದು ತಾಣವು ತನ್ನ ಗಿರಾಕಿಯನ್ನು ನೆನಪಿಟ್ಟುಕೊಳ್ಳಲೆಂಬ ಸದುದ್ದೇಶದಿಂದ. ಅದನ್ನು ಜಾಹೀರಾತಿನವರು ತಾಣದಿಂದ ತಾಣಕ್ಕೆ ನಮ್ಮ ಬೆನ್ನು ಹತ್ತಲು ಬಳಸಿಕೊಂಡರು. ಸಫಾರಿ ಎಂಬ ಬ್ರೌಸರು 2017ರಿಂದಲೂ ಫೈರ್‌ಫಾಕ್ಸು ಎಂಬುದು 2019ರಿಂದಲೂ ಇಂಥ ಬೆನ್ನಟ್ಟುವಿಕೆಯನ್ನು ತಾವಾಗಿಯೇ ತಡೆಯತೊಡಗಿದರೆ, ಕ್ರೋಮಿನಿಂದ ಮೂರನೆಯವರ ಕುಕಿಗಳನ್ನು ತೆಗೆದುಹಾಕುವೆನೆಂದಿದ್ದ ಗೂಗಲು ಹಲವು ಸಲ ಮುಂದೂಡಿ 2024ರಲ್ಲಿ ಆ ಸಂಕಲ್ಪವನ್ನೇ ಬಿಟ್ಟಿತು. ಸಂಬಳ ಕೊಡುವವರು ಯಾರೆಂದು ಕೇಳಬೇಕಾದುದು ಇದಕ್ಕಾಗಿಯೇ.

ಇದೇ ಪ್ರಶ್ನೆಯನ್ನು ಉಳಿದವರಿಗೂ ಹಾಕುವುದು ನ್ಯಾಯ. ಫೈರ್‌ಫಾಕ್ಸಿನ ಹಿಂದಿರುವ ಮೊಜಿಲ್ಲಾ ಲಾಭವನ್ನು ಬಯಸದ ಪ್ರತಿಷ್ಠಾನದ್ದು. ಆದರೂ ಅದರ ಹಣದ ದೊಡ್ಡ ಪಾಲು ಹುಡುಕಾಟದ ಒಪ್ಪಂದದ ಮೂಲಕ ಗೂಗಲಿನಿಂದಲೇ ಬರುತ್ತದೆ. ಬ್ರೇವ್ ಎಂಬುದು ಪರರ ಜಾಹೀರಾತುಗಳನ್ನು ತಡೆದು, ಒಪ್ಪಿದವರಿಗೆ ತನ್ನವನ್ನು ತೋರಿಸಿ ಗಳಿಸುತ್ತದೆ. ಡಕ್‌ಡಕ್‌ಗೋ ಬ್ರೌಸರು ಮೈಕ್ರೊಸಾಫ್ಟಿನ ಕೆಲವು ಬೆನ್ನಟ್ಟುವ ತುಣುಕುಗಳನ್ನು ಒಪ್ಪಂದದ ಕಾರಣ ತಡೆಯದೆ ಬಿಡುತ್ತಿದೆಯೆಂದು 2022ರಲ್ಲಿ ಸಂಶೋಧಕರೊಬ್ಬರು ತೋರಿಸಿದ ಮೇಲೆ, ಕೆಲವು ತಿಂಗಳಲ್ಲಿ ಅದು ತಿದ್ದಿಕೊಂಡಿತು. ಇವುಗಳಲ್ಲಿ ನನ್ನ ಒಲವು ಫೈರ್‌ಫಾಕ್ಸಿನ ಕಡೆಗಿದೆ: ಅದರ ಮೂಲ ಬರಹವು ಎಲ್ಲರ ಪರೀಕ್ಷೆಗೆ ತೆರೆದಿದೆ, ಆಂಡ್ರಾಯ್ಡಿನಲ್ಲಿ ಯುಬ್ಲಾಕ್ ಒರಿಜಿನ್ ಎಂಬ ತಡೆಗಾರನನ್ನು ಅದರೊಳಗೆ ಸೇರಿಸಿಕೊಳ್ಳಬಹುದು, ಸ್ವಯಂಸೇವಕರ ಶ್ರಮದಿಂದ ಅದು ಕನ್ನಡದಲ್ಲಿಯೂ ದೊರೆಯುತ್ತದೆ. ತನ್ನ ಭಾಷೆಯಲ್ಲಿ ಓದಲಾಗದ ಅನುಮತಿಗೆ ಹೂಂ ಎನ್ನುವವನು ಏನನ್ನು ಒಪ್ಪಿದಂತಾಯಿತು?

ಗ್ರಾಮದ ಮನೆಗಳಲ್ಲಿ ಒಂದೇ ಫೋನನ್ನು ಅಪ್ಪ, ಮಗಳು, ಸೊಸೆ ಎಲ್ಲರೂ ಬಳಸುವುದುಂಟು. ತನ್ನ ಆರೋಗ್ಯದ ಸಂದೇಹವೊಂದನ್ನು ಹುಡುಕಿ ನೋಡಿದ ಹೆಣ್ಣುಮಗಳಿಗೆ, ಮುಂದೆ ಆ ಫೋನನ್ನು ಹಿಡಿಯುವವರ ಕಣ್ಣಿಗೆ ಅದು ಬೀಳಬಾರದೆಂದಿರುತ್ತದೆ. ಬ್ರೌಸರಿನ ಖಾಸಗಿ ಕಿಟಕಿಯು ಅವಳಿಗೆ ನಿಜವಾಗಿಯೂ ನೆರವಾಗುತ್ತದೆ. ಮುಚ್ಚಿದೊಡನೆ ಫೋನಿನಲ್ಲಿಯ ಜಾಡು ಅಳಿಯುತ್ತದೆ. ಆದರೆ ಅವಳು ನೋಡಿದ ತಾಣಕ್ಕೂ ಸಿಗ್ನಲ್ಲು ಕೊಡುವ ಕಂಪನಿಗೂ ಆ ಕಿಟಕಿಯು ಪರದೆಯಾಗದು. ಕ್ರೋಮಿನ ಇಂಥ ಕಿಟಕಿಯನ್ನು ಕುರಿತು ಅಮೆರಿಕದಲ್ಲಿ 2020ರಲ್ಲಿ ಹೂಡಿದ ದಾವೆಯು 2024ರಲ್ಲಿ ರಾಜಿಯಾಗಿ, ಗೂಗಲು ಕೋಟ್ಯಂತರ ದಾಖಲೆಗಳನ್ನು ಅಳಿಸಲು ಒಪ್ಪಿತು. ಮನೆಯವರಿಂದ ಮರೆಯೂ ದಾರಿಯವರಿಂದ ಮರೆಯೂ ಬೇರೆ ಬೇರೆ. ಒಂದನ್ನು ಕೊಟ್ಟು ಎರಡೂ ದೊರೆತಂತೆ ಭ್ರಮೆ ಹುಟ್ಟಿಸುವುದು ತಪ್ಪು.

ದಾರಿಯ ಭಯವು ಕಲ್ಪಿತವಲ್ಲವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1966ರಿಂದ ಇದೇ ಜಿಲ್ಲೆಯ ಮುಂಡಗೋಡದಲ್ಲಿಯೂ ನೆಲೆಸಿರುವ ಟಿಬೆಟನ್ ನಿರಾಶ್ರಿತ ಸಮುದಾಯದ ಹಿರಿಯ ಪ್ರತಿನಿಧಿಗಳಿಗೆ 2018–19ರಲ್ಲಿ ಪತ್ರಕರ್ತರ, ಸೇವಾಸಂಸ್ಥೆಯವರ ವೇಷದಲ್ಲಿ ವಾಟ್ಸಪ್ಪಿನ ಮೂಲಕ ಕೊಂಡಿಗಳು ಬಂದುವೆಂದೂ, ಒಮ್ಮೆ ಒತ್ತಿದರೆ ಸಾಕು, ಬ್ರೌಸರಿನ ಹಳೆಯ ದೋಷಗಳ ಮೂಲಕ ಫೋನಿನೊಳಕ್ಕೆ ನುಗ್ಗುವ ಹಂಚಿಕೆ ಅದಾಗಿತ್ತೆಂದೂ ಸಿಟಿಜನ್ ಲ್ಯಾಬ್ 2019ರಲ್ಲಿ ವರದಿ ಮಾಡಿತು. ಅವು ಹೊಸದಾಗಿ ಕಂಡುಹಿಡಿದ ಬಿರುಕುಗಳಲ್ಲ. ಆಗಲೇ ಮುಚ್ಚಿದ್ದ, ಫೋನಿನ ಒಡೆಯರು ಅಪ್‌ಡೇಟ್ ಮಾಡದೆ ಬಿಟ್ಟರೆ ಮಾತ್ರ ತೆರೆದುಕೊಂಡಿರುವ ಬಿರುಕುಗಳು. ಆದಕಾರಣ, ಯಾವ ಬ್ರೌಸರನ್ನೇ ಆರಿಸಿಕೊಂಡರೂ ಅದರ ಹೊಸ ಆವೃತ್ತಿ ಬಂದಾಗ ತಡಮಾಡದೆ ಹಾಕಿಕೊಳ್ಳತಕ್ಕದ್ದು. ಖಾಸಗಿತನದ ಹೆಸರು ಹೊತ್ತು ವರ್ಷವಾದರೂ ತಿದ್ದುಪಡಿ ಕಾಣದ ಅಜ್ಞಾತ ಆ್ಯಪಿಗಿಂತ, ವಾರವಾರವೂ ತಿದ್ದಿಸಿಕೊಳ್ಳುವ ಸಾಧಾರಣ ಬ್ರೌಸರೇ ಲೇಸು. ನಿಜವಾದ ಅಪಾಯದಲ್ಲಿರುವ ಪತ್ರಕರ್ತರಿಗೂ ಹೋರಾಟಗಾರರಿಗೂ 2019ರಿಂದ ಆಂಡ್ರಾಯ್ಡಿನಲ್ಲಿ ದೊರೆಯುವ ಟಾರ್ ಬ್ರೌಸರು ಇದೆ. ಅದು ಬೇಡಿಕೆಯನ್ನು ಮೂರು ಕೈಗಳ ಮೂಲಕ ದಾಟಿಸುತ್ತದೆ, ಮೂವರಲ್ಲಿ ಯಾವೊಬ್ಬನಿಗೂ ಬರೆದವನೂ ತಲಪಿದ ಊರೂ ಒಟ್ಟಿಗೆ ತಿಳಿಯದಂತೆ. ಅದು ನಿಧಾನವಾದುದು, ಹಳಿಯಾಳದ ಬೀಜದ ಅಂಗಡಿಯಲ್ಲಿ ಜೋಳದ ದರವನ್ನು ನೋಡಹೊರಟ ರೈತನಿಗೆ ಅದರ ಅಗತ್ಯವಿಲ್ಲ. ಆ ಕೆಲಸಕ್ಕೆ ಕಾರ್ಡೇ ಸಾಕು.