ಮನೋವೈದ್ಯರ ಮೊದಲ ಭೇಟಿ: ಗಡಿನಾಡಿನ ಸದಸ್ಯರಿಗೆ ತಿಳಿವಳಿಕೆ

ಕಿಲ್ಪಾಕ್, ಕುತಿರವಟ್ಟಂ, ಎರ್ರಗಡ್ಡ, ಯೆರವಡಾ. ತಮಿಳು, ಮಲಯಾಳ, ತೆಲುಗು, ಮರಾಠಿ ನಾಡುಗಳಲ್ಲಿ ಬೆಳೆದ ನಮ್ಮ ಸದಸ್ಯರಿಗೆ ಈ ಹೆಸರುಗಳು ಆಸ್ಪತ್ರೆಯಾಗಿ ಪರಿಚಯವಾಗುವ ಮೊದಲೇ ಶಾಲೆಯ ಅಂಗಳದಲ್ಲಿ ಬೈಗುಳವಾಗಿ ಪರಿಚಯವಾಗಿರುತ್ತವೆ. ಕನ್ನಡದಲ್ಲಿ ಆ ಕೆಲಸಕ್ಕೆ ನಿಮ್ಹಾನ್ಸ್ ಹೆಸರಿದೆ. ಹೀಗಾಗಿ ತಿಂಗಳುಗಟ್ಟಲೆ ನಿದ್ದೆ ಇಲ್ಲದಿದ್ದರೂ, ಊಟ ಸೇರದಿದ್ದರೂ, ಮನೆಯವರು ಮೊದಲು ಹೊಟ್ಟೆಯ ಡಾಕ್ಟರು, ಆಮೇಲೆ ಹೃದಯದ ಡಾಕ್ಟರು ಎಂದು ಸುತ್ತಿ, ಕೊನೆಗೆ ಮನೋವೈದ್ಯರ ಹತ್ತಿರ ಬರುತ್ತಾರೆ. ಅಲ್ಲಿ ಏನು ನಡೆಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ಈ ಸುತ್ತು ಸ್ವಲ್ಪ ಕಡಿಮೆಯಾದೀತು.

ನಮ್ಮವರಿಗೆ ಇನ್ನೊಂದು ತೊಡಕೂ ಇದೆ, ಅದು ಭಾಷೆ. ಮೂಳೆ ಮುರಿದರೆ ಎಕ್ಸ್‌ರೇ ತೋರಿಸುತ್ತದೆ. ಮನೋವೈದ್ಯರಿಗೆ ಹೆಚ್ಚಿನ ಸಂಗತಿ ತಿಳಿಯುವುದು ನಾವು ಆಡುವ ಮಾತಿನಿಂದ. ಆದ್ದರಿಂದ ಈ ಬರಹದಲ್ಲಿ ಆ ವಿಷಯಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಎಲ್ಲಿಗೆ ಹೋಗುವುದು?

ಮನೋವೈದ್ಯರೆಂದರೆ ಎಂಬಿಬಿಎಸ್ ಮುಗಿಸಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಪಿಎಂ ಮುಂತಾದ ಓದು ಮಾಡಿದವರು. ಅವರು ಔಷಧಿ ಬರೆಯುತ್ತಾರೆ. ಮನಶ್ಶಾಸ್ತ್ರಜ್ಞರು ಮಾತಿನ ಚಿಕಿತ್ಸೆ ಮತ್ತು ಪರೀಕ್ಷೆಗಳನ್ನು ಮಾಡುತ್ತಾರೆ, ಔಷಧಿ ಕೊಡುವುದಿಲ್ಲ. ಎಷ್ಟೋ ಜನರಿಗೆ ಇಬ್ಬರೂ ಬೇಕಾಗುತ್ತಾರೆ.

ಇದಕ್ಕಾಗಿ ದೊಡ್ಡ ಊರಿಗೇ ಹೋಗಬೇಕೆಂದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ದೇಶದಲ್ಲಿ ಶುರುವಾಯಿತು. ಅದಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗ. ಆದೋನಿ, ರಾಯದುರ್ಗದವರ ಪಕ್ಕದ ಜಿಲ್ಲೆಯಲ್ಲೇ ಇದು ನಡೆಯಿತೆಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಈಗ ಜಿಲ್ಲಾಸ್ಪತ್ರೆಯಲ್ಲಿ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯರ ಹೊರರೋಗಿ ವಿಭಾಗವನ್ನು ಕೇಳಿ ಹೋದರೆ ಸಾಕು.

ಕನ್ನಡದಲ್ಲೇ ಮಾತಾಡಬೇಕೆಂದು ಕಾಸರಗೋಡಿನವರು ಮಂಗಳೂರಿಗೆ, ಹೊಸೂರಿನವರು ಬೆಂಗಳೂರಿಗೆ, ತಾಳವಾಡಿಯವರು ಚಾಮರಾಜನಗರಕ್ಕೆ, ಜತ್ತ ಮತ್ತು ಅಕ್ಕಲಕೋಟೆಯವರು ವಿಜಯಪುರಕ್ಕೋ ಕಲಬುರಗಿಗೋ ಹೋಗುವುದುಂಟು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ತಪ್ಪೇನಿಲ್ಲ. ಆದರೆ ಈ ಚಿಕಿತ್ಸೆ ಒಂದು ಸಲಕ್ಕೆ ಮುಗಿಯುವುದಲ್ಲ. ಮೊದಲ ಕೆಲವು ತಿಂಗಳು ಮತ್ತೆ ಮತ್ತೆ ಹೋಗಬೇಕು. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ನೆನಪಿರಲಿ. ನಮ್ಮ ಅಭಿಪ್ರಾಯದಲ್ಲಿ, ಸ್ಥಳೀಯ ಭಾಷೆ ತಕ್ಕಮಟ್ಟಿಗೆ ಬರುವವರಿಗೆ ಹತ್ತಿರದ ವೈದ್ಯರೇ ಲೇಸು. ಮನಸ್ಸಿನ ಮಾತು ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಹೊರಡುವುದೇ ಇಲ್ಲ ಎನ್ನುವ ಹಿರಿಯರನ್ನು ಮಾತ್ರ ಮೊದಲ ಭೇಟಿಗೆ ಕನ್ನಡದ ಊರಿಗೆ ಕರೆದೊಯ್ಯಿರಿ. ಚೀಟಿ ಹಿಡಿದು ಮುಂದಿನದನ್ನು ಹತ್ತಿರದಲ್ಲಿ ನೋಡಿಕೊಳ್ಳಬಹುದು. ರೇಷನ್ ಕಾರ್ಡಿನ ರಿಯಾಯಿತಿ ಬೇರೆ ರಾಜ್ಯದವರಿಗೆ ಸಿಗುತ್ತದೆಯೇ ಎಂದು ಹೊರಡುವ ಮೊದಲೇ ಫೋನಿನಲ್ಲಿ ಕೇಳಿ.

ಸಾಯುವ ಮಾತು ಬಂದಿದ್ದರೆ ಟೋಕನ್, ದಿನಾಂಕ ಎಂದು ಕಾಯಬೇಡಿ. ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಹತ್ತಿರದ ಯಾವುದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಹೊಲದ ಔಷಧಿ, ಮಾತ್ರೆಗಳನ್ನು ಮನೆಯಿಂದ ದೂರವಿಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೂ ಮಾತಾಡಬಹುದು. ಪೊಲೀಸ್ ಕೇಸಿನ ಭಯಕ್ಕೆ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ, ಜೀವ ತೆಗೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಮೊದಲು ಭಾವಿಸಬೇಕು, ಶಿಕ್ಷಿಸಬಾರದು.

ಮಾತಿನ ತಯಾರಿ

'ಸಂಕಟ' ಎಂಬ ಒಂದೇ ಪದ ನೋಡಿ. ಕನ್ನಡದಲ್ಲಿ ಅದು ಯಾತನೆ, ಹೊಟ್ಟೆ ತೊಳಸುವುದಕ್ಕೂ ಅದೇ ಮಾತು. ಮಲಯಾಳದವರಿಗೆ 'ಸಂಗಡಂ' ಎಂದರೆ ದುಃಖ. ತಮಿಳಿನಲ್ಲಿ 'ಸಂಗಡಂ' ಮುಜುಗರಕ್ಕೂ ಇರುಸುಮುರುಸಿಗೂ ಹತ್ತಿರ. ಮರಾಠಿಯಲ್ಲಿ 'ಸಂಕಟ' ಎಂದರೆ ವಿಪತ್ತು. ಸೊಲ್ಲಾಪುರದ ಅಜ್ಜಿ 'ಬೆಳಿಗ್ಗೆ ಎದ್ದರೆ ಸಂಕಟ' ಎಂದದ್ದನ್ನು ಮೊಮ್ಮಗ ಹಾಗೇ ಮರಾಠಿಗೆ ದಾಟಿಸಿದರೆ, ಮನೆಗೆ ಏನು ವಿಪತ್ತು ಬಂತೆಂದು ವೈದ್ಯರು ಕೇಳುತ್ತಾರೆ. 'ಅನುಮಾನ'ವೂ ಹಾಗೇ. ಕನ್ನಡದಲ್ಲೂ ತೆಲುಗಿನಲ್ಲೂ ಅದು ಶಂಕೆ. ಮರಾಠಿಯಲ್ಲಿ ಬರೀ ಊಹೆ, ತರ್ಕ. 'ಎಲ್ಲರ ಮೇಲೂ ಅನುಮಾನ' ಎಂಬುದು ಈ ಕೋಣೆಯಲ್ಲಿ ಬಹಳ ಮುಖ್ಯವಾದ ಮಾತು, ಅದು ಸವೆದುಹೋಗಬಾರದು.

ಹಾಗಾಗಿ ಪದಕ್ಕಿಂತ ಸಂಗತಿಯನ್ನು ಹೇಳಿ. 'ಬೇಜಾರು' ಎನ್ನುವ ಬದಲು 'ದೀಪಾವಳಿಯಿಂದ ಅಂಗಡಿ ಬಾಗಿಲು ತೆಗೆದಿಲ್ಲ, ಮೊಮ್ಮಗುವನ್ನೂ ಎತ್ತಿಕೊಳ್ಳುವುದಿಲ್ಲ' ಎನ್ನಿ. 'ನಿದ್ದೆ ಸರಿಯಿಲ್ಲ' ಎನ್ನುವ ಬದಲು 'ಹತ್ತಕ್ಕೆ ಮಲಗಿ ಮೂರಕ್ಕೆ ಎಚ್ಚರ, ಆಮೇಲೆ ಇಲ್ಲ' ಎನ್ನಿ. ಇಂಥ ಮಾತು ಯಾವ ಭಾಷೆಗೆ ಹೋದರೂ ಕೆಡುವುದಿಲ್ಲ. ಹಿಂದಿನ ದಿನವೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ: ಯಾವಾಗ ಶುರುವಾಯಿತು, ಮೊದಲು ಏನು ಬದಲಾಯಿತು, ಈಗ ಏನೇನು ಆಗುತ್ತಿಲ್ಲ, ಯಾವ ಮಾತ್ರೆ ನುಂಗುತ್ತಿದ್ದಾರೆ. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಮಾತ್ರೆಗಳ ಪಟ್ಟಿಗಳನ್ನೇ ಚೀಲಕ್ಕೆ ಹಾಕಿ ತನ್ನಿ. ನಾಟಿ ಔಷಧಿ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ. ದೇವರು, ದರ್ಗಾ, ಮಂತ್ರವಾದಿ ಎಂದು ಹೋಗಿ ಬಂದದ್ದನ್ನು ಬಚ್ಚಿಡಬೇಕಾಗಿಲ್ಲ. ಮನೋವೈದ್ಯರು ಅದನ್ನು ದಿನವೂ ಕೇಳುತ್ತಾರೆ.

ಜೊತೆಗೆ ಯಾರನ್ನು ಕರೆದೊಯ್ಯುವುದು ಎಂಬುದೂ ಯೋಚಿಸಬೇಕಾದ ವಿಷಯ. ಸ್ಥಳೀಯ ಭಾಷೆ ಚೆನ್ನಾಗಿ ಬರುತ್ತದೆಂದು ಶಾಲೆಗೆ ಹೋಗುವ ಮಗಳನ್ನೋ ಮಗನನ್ನೋ ದುಭಾಷಿಯಾಗಿ ಕೂರಿಸಬೇಡಿ. ಗಂಡ ಹೆಂಡತಿಯ ವಿಷಯ, ಸಾಯುವ ಯೋಚನೆ ಮಕ್ಕಳ ಬಾಯಿಂದ ಬರಬೇಕೇ? ತಾಯಿಯೂ ಮಗುವಿನ ಮುಂದೆ ಅದನ್ನು ಹೇಳುವುದಿಲ್ಲ. ಅತ್ತೆಯಿಂದ ತೊಂದರೆ ಎನ್ನುವ ಸೊಸೆಗೆ ಅತ್ತೆಯೇ ದುಭಾಷಿಯಾದರೆ ಕಥೆ ಮುಗಿಯಿತು. ನಂಬಿಕೆಯ ಅಕ್ಕನೋ ಸ್ನೇಹಿತರೋ ಆದೀತು. ಅವರು ಮಾಡಬೇಕಾದ್ದು ಇಷ್ಟೇ: ರೋಗಿ ಹೇಳಿದ್ದನ್ನು ಹೇಳಿದಂತೆ ದಾಟಿಸುವುದು. 'ಅವಳದ್ದು ಏನೂ ಇಲ್ಲ ಡಾಕ್ಟರೇ, ಸುಮ್ಮನೆ ಯೋಚನೆ ಜಾಸ್ತಿ' ಎಂದು ತಮ್ಮ ತೀರ್ಪು ಸೇರಿಸಬಾರದು. ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ನರ್ಸ್ ಅಥವಾ ಸಮಾಜ ಕಾರ್ಯಕರ್ತರು ಇದ್ದಾರೆಯೇ ಎಂದು ಕೇಳುವುದಕ್ಕೂ ಸಂಕೋಚ ಬೇಡ. ಕಾಯಿಲೆ ಯಾವುದು, ಚಿಕಿತ್ಸೆ ಏನು, ಅಡ್ಡ ಪರಿಣಾಮಗಳೇನು ಎಂಬುದನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಯುವ ಹಕ್ಕು ಅದೇ ಕಾಯ್ದೆಯ 22ನೇ ಕಲಮಿನಲ್ಲಿದೆ.

ಕೋಣೆಯ ಒಳಗೆ

ಸರ್ಕಾರಿ ದೊಡ್ಡ ಆಸ್ಪತ್ರೆಯಾದರೆ ಇಡೀ ದಿನ ಬಿಡುವು ಮಾಡಿಕೊಂಡು, ಊಟ ಕಟ್ಟಿಕೊಂಡು ಹೋಗಿ. ವೈದ್ಯಕೀಯ ಕಾಲೇಜುಗಳಲ್ಲಿ ಮೊದಲು ಕಿರಿಯ ವೈದ್ಯರು ವಿವರವಾಗಿ ಕೇಳಿ ಬರೆದುಕೊಂಡು, ಆಮೇಲೆ ಹಿರಿಯರ ಮುಂದೆ ಒಪ್ಪಿಸುತ್ತಾರೆ. ಹೇಳಿದ್ದನ್ನೇ ಎರಡನೇ ಸಲ ಹೇಳಬೇಕಾದರೆ ಬೇಸರಪಡಬೇಡಿ.

ನಿದ್ದೆ, ಹಸಿವು, ಕೆಲಸ, ಕುಡಿತ, ತಂಬಾಕು, ಹಿಂದಿನ ಕಾಯಿಲೆ, ಮನೆತನದಲ್ಲಿ ಇಂಥದ್ದು ಯಾರಿಗಾದರೂ ಇತ್ತೇ, ಹೆಂಗಸರಾದರೆ ಮುಟ್ಟು ಮತ್ತು ಬಾಣಂತನ, ಹೀಗೆ ಪ್ರಶ್ನೆಗಳು ಸಾಗುತ್ತವೆ. ಯಾರೂ ಇಲ್ಲದಾಗ ಧ್ವನಿ ಕೇಳಿಸುತ್ತದೆಯೇ, ಬದುಕು ಸಾಕೆನಿಸಿದೆಯೇ ಎಂದೂ ಕೇಳುತ್ತಾರೆ. ಇವನ್ನು ಬಹುತೇಕ ಎಲ್ಲರಿಗೂ ಕೇಳುತ್ತಾರೆ. ನಿಮ್ಮನ್ನು ಹುಚ್ಚರೆಂದುಕೊಂಡು ಕೇಳುವುದಲ್ಲ. ಇಂದು ಯಾವ ವಾರ, ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರೆ ನಗಬೇಡಿ. ಗಮನ, ನೆನಪು ನೋಡುವ ಪರೀಕ್ಷೆ ಅದು. ಶಾಲೆಗೆ ಹೋಗದವರು 'ನನಗೆ ಲೆಕ್ಕ ಬರುವುದಿಲ್ಲ' ಎಂದು ಮೊದಲೇ ಹೇಳಿಬಿಡಿ.

ಮನೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸುವುದು, ಅವರ ಹತ್ತಿರ ಬೇರೆಯಾಗಿ ಮಾತಾಡುವುದು ರೂಢಿ. ಹೇಳಿದ ಮಾತನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಯಾರದಾದರೂ ಜೀವಕ್ಕೆ ಅಪಾಯವಿದ್ದಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ. ರಕ್ತ ಪರೀಕ್ಷೆ ಬರೆಯಬಹುದು: ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆಯೂ ಮನಸ್ಸನ್ನು ಕುಗ್ಗಿಸುತ್ತವೆ. ತಲೆಯ ಸ್ಕ್ಯಾನ್ ಎಲ್ಲರಿಗೂ ಬೇಕಾಗುವುದಿಲ್ಲ, ಬರೆಯಲಿಲ್ಲವೆಂದು ಅಸಮಾಧಾನ ಬೇಡ. ಕರೆಂಟ್ ಕೊಡುತ್ತಾರೆ, ಕಟ್ಟಿಹಾಕುತ್ತಾರೆ ಎಂಬುದು ಸಿನಿಮಾ ಕೊಟ್ಟ ಭಯ. ಮೊದಲ ಭೇಟಿಗೆ ಬಂದ ಹೆಚ್ಚಿನವರು ಚೀಟಿ ಹಿಡಿದು ಸಂಜೆ ಮನೆಗೆ ಹೋಗುತ್ತಾರೆ.

ಚೀಟಿ ಕೈಗೆ ಬಂದ ಮೇಲೆ

ಖಿನ್ನತೆಯ ಮಾತ್ರೆಗಳು ಜ್ವರದ ಮಾತ್ರೆಯಂತಲ್ಲ. ಪರಿಣಾಮ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಮೊದಲ ದಿನಗಳಲ್ಲಿ ವಾಕರಿಕೆ, ತಲೆನೋವು, ತಳಮಳ ಬರಬಹುದು. ನಮ್ಮವರು ಔಷಧಿ ಬಿಡುವುದು ಎರಡು ಕಡೆ: ಮೊದಲ ವಾರ 'ಆಗಿಬರಲಿಲ್ಲ' ಎಂದು, ಮೂರನೇ ತಿಂಗಳು 'ವಾಸಿಯಾಯಿತು' ಎಂದು. ಎರಡೂ ಕಡೆ ವೈದ್ಯರನ್ನು ಕೇಳದೆ ಬಿಡಬೇಡಿ. ತಳಮಳ ಜಾಸ್ತಿಯಾದರೆ ಅಥವಾ ಸಾಯುವ ಯೋಚನೆ ಬಂದರೆ ಮುಂದಿನ ದಿನಾಂಕದವರೆಗೆ ಕಾಯದೆ ಕೂಡಲೇ ಹೋಗಿ. ಗರ್ಭಿಣಿಯರು, ಎದೆಹಾಲು ಕೊಡುವವರು ಅದನ್ನು ಬಾಯಿಬಿಟ್ಟು ಹೇಳಲೇಬೇಕು.

ಎದ್ದು ಬರುವ ಮೊದಲು ಕೇಳಬೇಕಾದವು: ಕಾಯಿಲೆಯ ಹೆಸರೇನು, ಈ ಮಾತ್ರೆ ಎಷ್ಟು ದಿನ, ಒಂದು ಹೊತ್ತು ಮರೆತರೆ ಏನು ಮಾಡಬೇಕು, ಮತ್ತೆ ಯಾವಾಗ ಬರಬೇಕು. ಮಾತ್ರೆಯ ಹೊತ್ತನ್ನು ಅಲ್ಲೇ ಕನ್ನಡದಲ್ಲಿ ಬರೆದುಕೊಳ್ಳಿ. ಮಲಯಾಳದ ಚೀಟಿಯನ್ನು ಮನೆಯಲ್ಲಿ ಅಜ್ಜ ಓದಲಾರರು. ಸಣ್ಣ ಊರಿನ ಮೆಡಿಕಲ್ ಅಂಗಡಿಯಲ್ಲಿ ಎಲ್ಲ ಮಾತ್ರೆ ಸಿಗುವುದಿಲ್ಲವಾದ್ದರಿಂದ ಮುಂದಿನ ಭೇಟಿಯವರೆಗೆ ಸಾಲುವಷ್ಟನ್ನು ಅಲ್ಲೇ ಕೊಳ್ಳಿ. ಚೀಟಿ, ಪರೀಕ್ಷೆಯ ವರದಿಗಳನ್ನು ಒಂದು ಫೈಲಿನಲ್ಲಿಟ್ಟು, ಮೊಬೈಲಿನಲ್ಲಿ ಫೋಟೋವನ್ನೂ ತೆಗೆದಿಡಿ. ಗಡಿಯ ಈಚೆ ತೋರಿಸಿದ್ದನ್ನು ಆಚೆಯ ವೈದ್ಯರು ಮುಂದುವರಿಸಬೇಕಾದರೆ ಆ ಫೈಲೇ ಬೇಕು.